ಕೆಂಡ, ಮೆಣಸು, ಮೆಣಸಿನಕಾಯಿ

ಮನುಷ್ಯ ಕಲಿತ ಮೊದಲ ಅಡುಗೆ ಸುಡುವುದು. ಅದಕ್ಕೆ ಪಾತ್ರೆ ಬೇಡ, ನೀರು ಬೇಡ, ಎಣ್ಣೆಯೂ ಬೇಡ, ಬೆಂಕಿಯೊಂದಿದ್ದರೆ ಆಯಿತು. ಬೇಯಿಸುವುದು, ಕರಿಯುವುದು ಇವೆಲ್ಲ ಕುಂಬಾರನೂ ಗಾಣಿಗನೂ ಬಂದ ಮೇಲಿನ ಮಾತು. ಕೆಂಡ ಅಂದಿನಿಂದ ಇಂದಿನವರೆಗೆ ಕೆಂಡವಾಗಿಯೇ ಉಳಿದಿದೆ. ಕಾಲಕಾಲಕ್ಕೆ ಬದಲಾಗುತ್ತ ಬಂದದ್ದು ಮಾಂಸವನ್ನು ಕೆಂಡಕ್ಕೆ ಒಪ್ಪಿಸುವ ಮುನ್ನ ಅದಕ್ಕೆ ಹಚ್ಚುವ ಸಂಬಾರ. ಆ ಸಂಬಾರದ ಚರಿತ್ರೆಯನ್ನು ಕನ್ನಡ ನಾಡಿನ ಮಟ್ಟಿಗೆ ಹುಡುಕಿ ನೋಡುವ ಚಪಲ ನನಗೆ ಹತ್ತಿ ಕೆಲವು ವರ್ಷಗಳಾದವು. ಈ ಚಪಲಕ್ಕೆ ಕಾರಣ ಎರಡು: ಒಂದು ನಾನಿರುವ ಬಡಾವಣೆ, ಇನ್ನೊಂದು ನನ್ನ ತರಗತಿ.

ಬಾಪೂಜಿ ನಗರದಲ್ಲಿ ಬೇಸಗೆ ಬಂತೆಂದರೆ ತಾರಸಿಗಳಿಗೆ ಹಗಲೂ ಕೆಲಸ, ಇರುಳೂ ಕೆಲಸ. ಹಗಲು ಹಪ್ಪಳ ಸಂಡಿಗೆ. ಸಂಜೆಯಾದ ಮೇಲೆ, ಪರೀಕ್ಷೆ ಮುಗಿಸಿದ ಹುಡುಗರು ನಾಲ್ಕು ಇಟ್ಟಿಗೆ ಜೋಡಿಸಿ, ಇದ್ದಲು ತುಂಬಿ, ಮೇಲೊಂದು ಕಬ್ಬಿಣದ ಜಾಲರಿ ಇಟ್ಟು ಕೋಳಿಯ ತೊಡೆ ಸುಡುತ್ತಾರೆ. ಒಬ್ಬ ರಟ್ಟಿನಿಂದ ಗಾಳಿ ಬೀಸುತ್ತಾನೆ. ಉಳಿದವರೆಲ್ಲ ಸಲಹೆ ಕೊಡುತ್ತಾರೆ. ಮೈಸೂರು ರಸ್ತೆಯ ಹೊಗೆಯನ್ನೂ ವೃಷಭಾವತಿಯ ಗಾಳಿಯನ್ನೂ ಅರೆಗಳಿಗೆ ಮರೆಸುವ ಶಕ್ತಿ ಈ ವಾಸನೆಗೆ ಉಂಟೆಂದರೆ ಅದರ ಮಹಿಮೆಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ತೊಡೆಗಳ ಬಣ್ಣ ಮಾತ್ರ ಎಲ್ಲ ತಾರಸಿಯ ಮೇಲೂ ಒಂದೇ: ಕೆಂಪು.

ಇನ್ನು ತರಗತಿ. ಜನ್ನನ 'ಯಶೋಧರ ಚರಿತೆ' ಪಾಠ ನಡೆಯುತ್ತಿತ್ತು. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆಯೆಲ್ಲ ನಿಂತಿರುವುದು ಒಂದು ಹಿಟ್ಟಿನ ಕೋಳಿಯ ಮೇಲೆ. ಕೊಂದದ್ದು ಹಿಟ್ಟಿನ ಬೊಂಬೆಯನ್ನೇ ಆದರೂ ಕೊಲ್ಲುವ ಸಂಕಲ್ಪ ಮಾಡಿದ ತಾಯಿ ಮಕ್ಕಳು ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ಕೋಳಿಗಳಾಗಿಯೂ ಹುಟ್ಟುತ್ತಾರೆ. ಪಾಠ ಮುಗಿಯುತ್ತಿದ್ದಂತೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಹಿಟ್ಟಿನ ಕೋಳಿ ಸರಿ. ನಿಜವಾದ ಕೋಳೀನ ಆಗಿನವರು ಹೇಗೆ ಮಾಡ್ತಿದ್ರು? ಅದನ್ನ ಯಾರೂ ಬರೆದೇ ಇಲ್ವಾ?" ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶ್ನೆ ನಗುವಂಥದಾಗಿರಲಿಲ್ಲ. ನನ್ನ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹಬ್ಬಕ್ಕೂ ಜಾತ್ರೆಗೂ ಬಾಡೂಟ ಮಾಡುವ ಮನೆಗಳಿಂದ ಬಂದವರು. ನಾನೂ ಅಂಥ ಮನೆಯವನೇ. ಸಾವಿರ ವರ್ಷಗಳ ಸಾಹಿತ್ಯವುಳ್ಳ ಭಾಷೆ ನಮ್ಮದೆಂದು ದಿನವೂ ಅವರಿಗೆ ಹೇಳುತ್ತೇವೆ. ಆ ಸಾಹಿತ್ಯದಲ್ಲಿ ತಮ್ಮ ಮನೆಯ ಒಲೆ ಎಲ್ಲಿದೆ ಎಂದು ಅವರು ಕೇಳಿದರೆ ಉತ್ತರ ಕೊಡುವುದು ನಮ್ಮ ಕೆಲಸವಲ್ಲವೆ?

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಇಲ್ಲವೆಂದಲ್ಲ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷವಿದ್ಯೆ, ಸುಗಂಧದ್ರವ್ಯ, ನೆಲದ ನೀರನ್ನು ಗುರುತಿಸುವ ವಿದ್ಯೆ ಇವುಗಳೊಡನೆ ಅಡುಗೆಯ ಮಾತೂ ಬರುತ್ತದೆ. 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಅಡುಗೆಗೆಂದೇ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಬದನೆ, ಹಲಸು, ಬಾಳೆ, ಹಿಟ್ಟಿನ ತಿನಿಸು, ಪಾನಕ, ಎಲ್ಲಕ್ಕೂ ಅಲ್ಲಿ ಪದ್ಯ ಉಂಟು. ಮಾಂಸಕ್ಕಿಲ್ಲ. ಮಂಗರಸ ಜೈನ, ಆತನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಅಂತೂ ಲೇಖನಿ ಯಾರ ಕೈಯಲ್ಲಿತ್ತೋ ಅವರ ಒಲೆಯ ಅಡುಗೆ ಪದ್ಯವಾಯಿತು. ಉಳಿದವರದು ನಾಲಗೆಯ ಮೇಲೆಯೇ ಉಳಿಯಿತು.

ಆ ಹುಡುಗಿಯ ಪ್ರಶ್ನೆಗೆ ಉತ್ತರವಿದ್ದದ್ದು ಕನ್ನಡ ದೊರೆಯೊಬ್ಬನ ಸಂಸ್ಕೃತ ಗ್ರಂಥದಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, 1126ರಿಂದ 1138ರವರೆಗೆ ಆಳಿದವನು. ಯುದ್ಧಗಳಲ್ಲಿ ತಂದೆಯಷ್ಟು ಹೆಸರು ಮಾಡಲಿಲ್ಲ; ಆದರೆ ಶಕ 1051ರಲ್ಲಿ, ಎಂದರೆ ಕ್ರಿ.ಶ. 1129ರಲ್ಲಿ, 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ನೂರು ಅಧ್ಯಾಯಗಳ ಗ್ರಂಥವನ್ನು ಮುಗಿಸಿದ. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ ಇದರ ಮೊದಲ ಭಾಗವನ್ನು 1926ರಲ್ಲಿ ಮೈಸೂರಿನಲ್ಲಿ ಅಚ್ಚು ಹಾಕಿಸಿದರು. ಬರೋಡದ ಗಾಯಕವಾಡ ಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳು ಬಂದವು. ನಮಗೆ ಬೇಕಾದ 'ಅನ್ನಭೋಗ' ಎಂಬ ಅಧ್ಯಾಯ ಎರಡನೆಯ ಸಂಪುಟದಲ್ಲಿದೆ.

ಅನ್ನಭೋಗದಲ್ಲಿ ಇಡ್ಲಿಯ ಪೂರ್ವಜನೂ ಉಂಟು, ವಡೆಯೂ ಉಂಟು. ನಮ್ಮ ಜನ ಆ ಭಾಗವನ್ನು ಎತ್ತಿ ಎತ್ತಿ ಹೇಳುತ್ತಾರೆ. ಅದರ ಪಕ್ಕದಲ್ಲೇ ಇರುವ ಮಾಂಸದ ಭಾಗವನ್ನು ಎತ್ತುವವರು ಕಡಮೆ. ರಾಜನು ಹಂದಿಯಿಂದ ಶುರುಮಾಡುತ್ತಾನೆ. ಬಿಸಿನೀರು ಹಾಕಿ ಕೂದಲು ತೆಗೆಯುವುದು ಒಂದು ಕ್ರಮ, ಹುಲ್ಲಿನ ಬೆಂಕಿಯಿಂದ ಸುಡುವುದು ಇನ್ನೊಂದು. ಆಮೇಲೆ ಕೆಂಡದ ಮೇಲೆ ಸುಟ್ಟು, ತುಂಡರಿಸಿ, ಮೊಸರಿನಲ್ಲೋ ಸಾಸಿವೆಯ ರಸದಲ್ಲೋ ಹಾಕುವುದು. ಶಲಾಕೆಗೆ ಚುಚ್ಚಿ ಸುಟ್ಟ ಮಾಂಸಕ್ಕೆ ಅವನು ಹೇಳುವ ಹೆಸರು ಭಡಿತ್ರ. ಅಮರಕೋಶದಲ್ಲೂ ಭಟಿತ್ರ, ಶೂಲ್ಯ ಎಂಬ ಹೆಸರುಗಳಿವೆ. ಆದ್ದರಿಂದ ಸಂಗತಿ ಅವನ ಕಾಲಕ್ಕೂ ಹಳೆಯದು. ಮಾಂಸದ ತುಂಡುಗಳಿಗೆ ತೂತು ಮಾಡಿ, ಆ ತೂತುಗಳಲ್ಲಿ ಸಂಬಾರವನ್ನು ತುಂಬಿ, ಆಮೇಲೆ ಸುಡಬೇಕು ಎನ್ನುತ್ತಾನೆ. ಇಂದು ನಮ್ಮ ತಾರಸಿಯ ಹುಡುಗರು ತೊಡೆಯ ಮೇಲೆ ಚಾಕುವಿನಿಂದ ಮೂರು ಗೀರು ಎಳೆಯುವುದೂ ಇದೇ ಕಾರಣಕ್ಕೆ. ಉಪ್ಪು ಮಾಂಸದೊಳಕ್ಕೆ ತಾನಾಗಿ ಇಳಿಯುತ್ತದೆ. ಮಸಾಲೆಯ ಘಮಲು ಬಹುಪಾಲು ಮೇಲ್ಮೈಯಲ್ಲೇ ನಿಲ್ಲುತ್ತದೆ. ದಾರಿ ಮಾಡಿಕೊಟ್ಟರೆ ಮಾತ್ರ ಒಳಗೆ ಹೋದೀತು.

ಸಂಬಾರವಾದರೂ ಏನು? ಸೈಂಧವ ಲವಣ, ಮೆಣಸು, ಶುಂಠಿ, ಜೀರಿಗೆ, ಸಾಸಿವೆ, ಕೊತ್ತಂಬರಿ, ಅರಿಶಿನ. ಹುಳಿಗೆ ಹುಣಿಸೆ, ಮೊಸರು, ಹುಳಿಹಣ್ಣಿನ ರಸ. ಎಲ್ಲಕ್ಕಿಂತ ಹೆಚ್ಚಾಗಿ ಇಂಗಿನ ನೀರು. ಅವನ ಅಡುಗೆಯವರು ಇಂಗನ್ನು ನೀರಿನಲ್ಲಿ ಕದಡಿಟ್ಟುಕೊಂಡು ಸಿಕ್ಕಸಿಕ್ಕದ್ದರ ಮೇಲೆಲ್ಲ ಚಿಮುಕಿಸುತ್ತಿದ್ದರೆಂದು ತೋರುತ್ತದೆ. ಇಂದು ಸಾರಿನ ಒಗ್ಗರಣೆಗೆ ಮೀಸಲಾದ ಇಂಗು ಅಂದು ಸುಟ್ಟ ಮಾಂಸದ ಒಡನಾಡಿ. ಈ ಇಂಗು ಬಂದದ್ದು ಪಾರಸಿಕ, ಆಫ್ಘನ್ ಸೀಮೆಗಳಿಂದ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲೂ ಸಂಬಾರದ ಬಟ್ಟಲು ಪೂರ್ತಿ ಸ್ವದೇಶಿಯಾಗಿರಲಿಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಬಹುದು.

ಕೋಳಿಯ ವಿಷಯಕ್ಕೆ ಬಂದರೆ, ಊರಕೋಳಿ ದ್ವಿಜರಿಗೆ ನಿಷಿದ್ಧವೆಂದು ಮನು ಹೇಳಿದ್ದಾನೆ. ರಾಜಗ್ರಂಥಗಳಲ್ಲಿ ಬೇಟೆಯ ಹಕ್ಕಿಗಿರುವ ಮರ್ಯಾದೆ ಹಿತ್ತಿಲ ಕೋಳಿಗಿಲ್ಲ. ಸೋಮೇಶ್ವರನ ಗ್ರಂಥದಲ್ಲಿ ಕೋಳಿ ಮೆರೆಯುವುದು ಕಾಳಗದಲ್ಲಿ: ಕೋಳಿ ಅಂಕದ ವಿನೋದಕ್ಕೆಂದೇ ಅಲ್ಲಿ ಒಂದು ಅಧ್ಯಾಯ ಉಂಟು. ಸೋತ ಹುಂಜ ಎಲ್ಲಿಗೆ ಹೋಗುತ್ತಿತ್ತೋ ರಾಜ ಹೇಳುವುದಿಲ್ಲ. ನಮ್ಮ ಕಡೆಯ ಯಾರನ್ನು ಕೇಳಿದರೂ ಹೇಳಿಯಾರು.

ಈ ಪುಟಗಳನ್ನು ಓದುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ ಜಾಗ ಬೇರೆ. ಯಕೃತ್ತನ್ನು, ಅಂದರೆ ನಾವು ಲಿವರು ಎನ್ನುವುದನ್ನು, ಕೆಂಡದ ಮೇಲೆ ಸುಟ್ಟು ಸಂಬಾರ ಹಾಕಿ ಹುರಿಯುವ ಕ್ರಮವನ್ನು ರಾಜ ವಿವರಿಸುತ್ತಾನೆ. ನನ್ನ ಅಜ್ಜಿಯ ಊರು ಮಾಗಡಿಯ ಕಡೆ. ಹಬ್ಬದ ದಿನ ಕೋಳಿಯ ಪುಕ್ಕ ಕಿತ್ತು, ಮೈಗೆಲ್ಲ ಅರಿಶಿನ ಸವರಿ, ಒಣಗಿದ ತೆಂಗಿನ ಗರಿಯ ಉರಿಯಲ್ಲಿ ಅದನ್ನು ಹೊರಳಿಸಿ ಹೊರಳಿಸಿ ಸುಡುತ್ತಿದ್ದರು. ಸುಟ್ಟ ಅರಿಶಿನದ ಆ ವಾಸನೆ ಇಲ್ಲದೆ ನಾಟಿಕೋಳಿ ಸಾರಿಲ್ಲ. ಕೊಯ್ದಾಗ ಸಿಕ್ಕ ಲಿವರನ್ನು ಸಾರಿಗೆ ಹಾಕುತ್ತಿರಲಿಲ್ಲ. ಕಡ್ಡಿಗೆ ಚುಚ್ಚಿ, ಉಪ್ಪು ಸವರಿ, ಒಲೆಯ ಕೆಂಡದಲ್ಲಿಟ್ಟು, ಸುತ್ತ ಕುಳಿತ ಮಕ್ಕಳಿಗೆ ಚೂರು ಚೂರೇ ಹಂಚುತ್ತಿದ್ದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸೋಮೇಶ್ವರನ ಹೆಸರನ್ನು ಅವರು ಕೇಳಿದವರಲ್ಲ. ರಾಜನ ಬಾಣಸಿಗರು ಇದನ್ನು ತಾವೇ ಕಂಡುಹಿಡಿದರೆಂದು ನಾನು ನಂಬುವುದಿಲ್ಲ. ಬೇಡರಿಂದ, ಕುರುಬರಿಂದ, ಒಕ್ಕಲುಮಕ್ಕಳಿಂದ ಕಲಿತದ್ದನ್ನೇ ರಾಜ ಸಂಸ್ಕೃತಕ್ಕೆ ಏರಿಸಿದ ಎಂದು ನನ್ನ ಎಣಿಕೆ.

ಇದೇ ಕಲ್ಯಾಣದಲ್ಲಿ, ಗ್ರಂಥ ಮುಗಿದ ಮೂರು ನಾಲ್ಕು ದಶಕಗಳೊಳಗೆ, ಶರಣರು ದಯೆಯ ಧರ್ಮವನ್ನು ಸಾರಿದರು. ಹಬ್ಬಕ್ಕೆ ತಂದ ಕುರಿಯನ್ನು ಕುರಿತ ಬಸವಣ್ಣನವರ ವಚನ ಶಾಲೆಯ ಮಕ್ಕಳಿಗೂ ಗೊತ್ತು. ಆಮೇಲೆ ಬಂದ ಹರಿಹರ ಬೇಡರ ಕಣ್ಣಪ್ಪನನ್ನು ಮಾತ್ರ ಬಿಡಲಿಲ್ಲ. ಬಿಡುವುದು ಶಿವಭಕ್ತ ಕವಿಗೆ ಸಾಧ್ಯವೂ ಇರಲಿಲ್ಲ. ತಮಿಳಿನ ಪೆರಿಯ ಪುರಾಣದಲ್ಲಿ ಈ ಬೇಡ ಕಾಡುಹಂದಿಯ ಮಾಂಸವನ್ನು ಬೆಂಕಿಯಲ್ಲಿ ಹದವಾಗಿ ಸುಟ್ಟು, ತಾನು ಕಚ್ಚಿ ರುಚಿ ನೋಡಿ, ಒಳ್ಳೆಯದನ್ನು ಆರಿಸಿ, ಜೇನು ಬೆರೆಸಿ ಶಿವನಿಗೆ ಒಪ್ಪಿಸುತ್ತಾನೆ. 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜಕುಮಾರರು ಮೊದಲ ಬಾರಿಗೆ ನಾಯಕರಾಗಿ ಬಂದದ್ದು ಈ ಭಕ್ತನ ವೇಷದಲ್ಲೇ. ಸುಡುವ ಮುನ್ನವೋ ಸುಟ್ಟ ಮೇಲೆಯೋ ಜೇನು ಸವರುವ ಪದ್ಧತಿಯನ್ನು ಪಾಶ್ಚಾತ್ಯರಿಂದ ಕಲಿತೆವೆಂದು ತಿಳಿದವರು ಈ ಬೇಡನನ್ನು ಒಮ್ಮೆ ನೆನೆಯಬೇಕು.

ಸೋಮೇಶ್ವರನ ಪಟ್ಟಿಯಲ್ಲಿ ಒಂದು ವಸ್ತು ಇಲ್ಲದ್ದನ್ನು ಚುರುಕಾದ ವಾಚಕರು ಆಗಲೇ ಗಮನಿಸಿರಬಹುದು. ಅಲ್ಲಿ ಮೆಣಸು ಉಂಟು, ಮೆಣಸಿನಕಾಯಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಮೆಣಸಿನಕಾಯಿ ಅಮೆರಿಕದ ಗಿಡ. ಕೊಲಂಬಸ್ ಆ ಖಂಡಕ್ಕೆ ಕಾಲಿಟ್ಟದ್ದು 1492ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ಮೂಲಕ 16ನೇ ಶತಮಾನದಲ್ಲಿ ಈ ಕಾಯಿ ನಮ್ಮ ಕರಾವಳಿಗೆ ಇಳಿಯಿತು. ಇದನ್ನು ಶಾಸನದಿಂದ ಸಾಧಿಸಬೇಕಾಗಿಲ್ಲ. ನಮ್ಮ ಮಾತೇ ಸಾಕ್ಷಿ ಹೇಳುತ್ತದೆ. ಮೆಣಸು ಎಂದರೆ ಮೊದಲು ಬಳ್ಳಿಯ ಕಪ್ಪು ಕಾಳು, ಅಷ್ಟೆ. ಹೊಸ ಕಾಯಿ ಬಂದಾಗ, ಮೆಣಸಿನಂತೆ ಉರಿಯುವ ಕಾಯಿಯಾದ್ದರಿಂದ, ಅದಕ್ಕೆ ಮೆಣಸಿನಕಾಯಿ ಎಂದರು. ತಮಿಳರು ಮಿಳಗು ಇದ್ದದ್ದರಿಂದ ಮಿಳಗಾಯ್ ಎಂದರು. ತೆಲುಗರು ಮಿರಿಯಾಲು ಇದ್ದದ್ದರಿಂದ ಮಿರಪಕಾಯ ಎಂದರು. ಬಂದ ಅತಿಥಿ ಮನೆಯ ಯಜಮಾನನಾದ. ಹಳೆಯ ಯಜಮಾನನನ್ನು ಗುರುತಿಸಲು ವಿಶೇಷಣ ಬೇಕಾಯಿತು: ಕರಿಮೆಣಸು, ಕಾಳುಮೆಣಸು. ಮಲೆನಾಡು ಕರಾವಳಿಗಳಲ್ಲಿ ಇಂದಿಗೂ ಅದು ಒಳ್ಳೆಮೆಣಸು. ತುಳುವರು ಎಡ್ಡೆಮುಂಚಿ ಎಂದು ಇದೇ ಅರ್ಥದಲ್ಲಿ ಕರೆಯುತ್ತಾರೆ. ಹೆಸರಿಟ್ಟವರಿಗೆ ಹೊಸದರ ಮೇಲೆ ಕೊಂಚ ಅನುಮಾನವಿತ್ತೆಂದು ಆ 'ಒಳ್ಳೆ' ಎಂಬ ಮಾತಿನಿಂದ ನಾನು ಊಹಿಸುತ್ತೇನೆ.

ಮೆಣಸಿನಕಾಯಿ ಬರುವ ಹೊತ್ತಿಗೆ ವಿಜಯನಗರದ ಪೇಟೆ ಹೇಗಿತ್ತೆಂಬುದನ್ನು ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. 1520ರ ಸುಮಾರಿಗೆ ಬಂದ ಪಾಯೆಸ್ ಕೋಳಿಯ ಧಾರಣೆಯನ್ನೇ ಕೊಡುತ್ತಾನೆ: ನಗರದೊಳಗೆ ಒಂದು ಸಣ್ಣ ನಾಣ್ಯಕ್ಕೆ ಮೂರು ಕೋಳಿ, ಹೊರಗೆ ನಾಲ್ಕು. ಊರ ಹೊರಗೆ ಅಗ್ಗ ಎಂಬ ನಿಯಮ ಅಂದಿನದೇ. 1535ರ ಸುಮಾರಿನ ನೂನಿಜ್, ಕುದುರೆ ವ್ಯಾಪಾರಿ, ರಾಜರು ದನದ ಮಾಂಸವೊಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳ ಎಲ್ಲವನ್ನೂ ತಿನ್ನುತ್ತಿದ್ದರೆಂದೂ, ಪೇಟೆಯಲ್ಲಿ ಇವನ್ನು ಜೀವಂತವಾಗಿಯೇ ಮಾರುತ್ತಿದ್ದರೆಂದೂ ಬರೆಯುತ್ತಾನೆ. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ತಿಳಿಯಲಿ ಎಂದು! ಇಲಿಯೂ ಅವನ ಪಟ್ಟಿಯಲ್ಲಿದೆ, ಸೋಮೇಶ್ವರನ ಪಟ್ಟಿಯಲ್ಲೂ ಇದೆ. ಆದ್ದರಿಂದ ಇದು ವಿದೇಶಿಯನ ಕುಚೋದ್ಯವಲ್ಲ.

ಮೆಣಸಿನಕಾಯಿಯ ಮೇಲೆ ಪುರಂದರದಾಸರದೆಂದು ಹೇಳುವ ಒಂದು ಹಾಡನ್ನು ಅದರ ಮೊದಲ ಉಲ್ಲೇಖವೆಂದು ಕೆಲವರು ಮುಂದಿಡುತ್ತಾರೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಚರಿತ್ರಕಾರ ಕೆ.ಟಿ. ಆಚಯ ಅವರೂ ಅದನ್ನು ಬಳಸಿಕೊಂಡಿದ್ದಾರೆ. ಬಾಯಿಂದ ಬಾಯಿಗೆ ಬಂದ ಕೀರ್ತನೆಗಳಲ್ಲಿ ಅಂಕಿತವೊಂದನ್ನೇ ನಂಬಿ ಕಾಲ ನಿರ್ಣಯಿಸುವುದು ನನಗೆ ಒಪ್ಪಿಗೆಯಾಗದು. 1590ರ ದಶಕದ 'ಐನ್-ಇ-ಅಕ್ಬರಿ'ಯ ಅರಮನೆ ಅಡುಗೆಗಳಲ್ಲಿ ಕೂಡ ಮೆಣಸಿನಕಾಯಿ ಇಲ್ಲ. ಬಂದ ಕೂಡಲೇ ಅದು ಎಲ್ಲರ ಒರಳನ್ನು ಸೇರಲಿಲ್ಲ.

ಸೇರಿದ ಮೇಲೆ ಬಡವನ ಒರಳಿಗೆ ಅದು ದೊಡ್ಡ ಉಪಕಾರವನ್ನೇ ಮಾಡಿತು. ಮೆಣಸು ಮಲೆನಾಡಿನ ಬಳ್ಳಿ; ಮಳೆ ಬೇಕು, ನೆರಳು ಬೇಕು, ಮರ ಬೇಕು. ಹಡಗೇರುವ ಸರಕಾದ್ದರಿಂದ ಬೆಲೆಯೂ ಏರು. ತುಮಕೂರು ಕೋಲಾರಗಳ ಒಣನೆಲದ ಬೇಸಾಯಗಾರನಿಗೆ ಅದು ಕೊಂಡು ತರುವ ಪದಾರ್ಥ. ಮೆಣಸಿನಕಾಯಿಯಾದರೋ ಹಿತ್ತಿಲಲ್ಲಿ ಬೆಳೆಯುತ್ತದೆ, ಚಾಪೆಯ ಮೇಲೆ ಒಣಗುತ್ತದೆ, ವರ್ಷವಿಡೀ ಉಳಿಯುತ್ತದೆ. ರಾಗಿಮುದ್ದೆಯ ಜೊತೆಗೆ ಖಾರ ದಕ್ಕಿದ್ದು ಇದರಿಂದ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಅದು ಬೇರೆಯೇ ಗುಣ ಪಡೆಯಿತು: ಉರಿ ಕಡಮೆ, ಬಣ್ಣ ಹೆಚ್ಚು, ಮೈಯೆಲ್ಲ ಸುಕ್ಕು. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಹಾಗಾದರೆ ತಾರಸಿಯ ಮೇಲಿನ ಕೆಂಪು ಕೋಳಿ ಎಂದಿನದು? ನಮ್ಮ ಅಜ್ಜಿಯರು ಕೋಳಿಯನ್ನು ಪೂರ್ತಿಯಾಗಿ ಕೆಂಡದ ಮೇಲೆ ಬೇಯಿಸುತ್ತಿರಲಿಲ್ಲ. ಓಡಾಡಿ ಬೆಳೆದ ನಾಟಿಕೋಳಿಯ ಮಾಂಸ ಗಟ್ಟಿ. ಸುಟ್ಟರೆ ಚರ್ಮದ ಚಡಾವಿನಂತಾಗುತ್ತದೆ. ಅದಕ್ಕೆ ಸಾರೇ ಗತಿ. ಕೆಂಡಕ್ಕೆ ಬೀಳುತ್ತಿದ್ದುದು ಬೇಟೆಯ ಪಾಲು, ಲಿವರು, ಒಣಮೀನು, ಮಾಳಿಗೆಯಲ್ಲಿ ಒಣಗಿಸಿದ ಉಪ್ಪುಕಂಡ. ಇಡೀ ಕೋಳಿಯನ್ನು ಮಸಾಲೆ ಹಚ್ಚಿ ಸುಡುವ ಚಾಳಿ ಎರಡು ದಿಕ್ಕಿನಿಂದ ಬಂತು. ದೇಶ ವಿಭಜನೆಯಾದ 1947ರಲ್ಲಿ ಪೇಶಾವರದ ಕಡೆಯಿಂದ ಬಂದವರು ದೆಹಲಿಯ ದರಿಯಾಗಂಜ್‌ನಲ್ಲಿ ಮೋತಿ ಮಹಲ್ ತೆರೆದು ತಂದೂರಿ ಕೋಳಿಯನ್ನು ದೇಶಕ್ಕೆಲ್ಲ ಪರಿಚಯಿಸಿದರು. ಆಮೇಲೆ ಆರು ವಾರಕ್ಕೇ ತೂಕಕ್ಕೆ ಬರುವ ಬ್ರಾಯ್ಲರ್ ಬಂತು. ಇದರ ಮಾಂಸ ಎಳೆಯದು, ಮೆತ್ತನೆಯದು, ಸ್ವಂತ ರುಚಿ ಕಡಮೆ. ಮಸಾಲೆಯ ಮೇಲೆ ಇಷ್ಟೊಂದು ಭಾರ ಬಿದ್ದದ್ದು ಆ ಕಾರಣದಿಂದಲೇ ಎಂದರೆ ತಪ್ಪಾಗದು. ನಮ್ಮ ಬೀದಿಯ ಕಬಾಬು ಎಣ್ಣೆಯಲ್ಲಿ ಕರಿದದ್ದು. ಅದಕ್ಕೆ ಬೆಂಕಿಯ ಹೆಸರು ಮಾತ್ರ ಉಳಿದಿದೆ.

ಬಣ್ಣದ ಮೋಹ ಎಲ್ಲಿಗೆ ಮುಟ್ಟಿತೆಂಬುದು 2024ರಲ್ಲಿ ತಿಳಿಯಿತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 39 ಕಬಾಬಿನ ಮಾದರಿಗಳನ್ನು ಪರೀಕ್ಷಿಸಿದಾಗ 8ರಲ್ಲಿ ಕೃತಕ ಬಣ್ಣ ಸಿಕ್ಕಿ, ಅವು ತಿನ್ನಲು ಯೋಗ್ಯವಲ್ಲವೆಂದು ತೀರ್ಮಾನವಾಯಿತು. ಆ ಜೂನ್ ತಿಂಗಳಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಬ್ಯಾಡಗಿಯಂಥ ಕಾಯಿಯನ್ನು ಮನೆಯಲ್ಲಿಟ್ಟುಕೊಂಡ ನಾಡು ಪುಡಿಬಣ್ಣ ಕಲಸಿ ತಿಂದದ್ದು ನನಗೆ ಕಾನೂನಿನ ಪ್ರಶ್ನೆಗಿಂತ ಮರೆವಿನ ಪ್ರಶ್ನೆಯಾಗಿ ಕಾಣುತ್ತದೆ. ಕೆಂಪಿಲ್ಲದ ಕೋಳಿ ಕೋಳಿಯೇ ಅಲ್ಲವೆಂದು ನಂಬಿದವನಿಗೆ ಅಂಗಡಿಯವನು ಕೆಂಪನ್ನು ಹೇಗಾದರೂ ಒದಗಿಸಿಯೇ ಒದಗಿಸುತ್ತಾನೆ.

ನಮ್ಮ ಎದುರು ಮನೆಯ ಗೃಹಿಣಿ ಕನಕಪುರದ ಕಡೆಯವರು. ಅವರ ಕೈಯ ಹದ ನಮ್ಮ ಬೀದಿಗೇ ಹೆಸರಾದದ್ದು. "ಮೇಷ್ಟ್ರೇ, ನಿಂಬೆಹುಳಿ ಹಾಕಿ ರಾತ್ರಿಯೆಲ್ಲ ಇಡಬಾರದು, ಮೇಲೆಲ್ಲ ಪುಡಿಪುಡಿ ಆಗ್ತದೆ. ಮೊಸರಾದ್ರೆ ಎಷ್ಟು ಹೊತ್ತು ಇಟ್ರೂ ಪರವಾಗಿಲ್ಲ" ಎಂದು ಅವರು ನನಗೆ ಹೇಳಿದ್ದರಲ್ಲಿ ರಸಾಯನಶಾಸ್ತ್ರವೆಲ್ಲ ಅಡಗಿದೆ. ನಿಂಬೆಯ ಆಮ್ಲ ತೀಕ್ಷ್ಣ. ಮಾಂಸದ ಹೊರಪದರವನ್ನು ಬೇಗ ಕೆಡಿಸುತ್ತದೆ. ಮೊಸರಿನದು ಸೌಮ್ಯ. ಅರ್ಧ ಗಂಟೆ ನಿಂಬೆ, ನಾಲ್ಕೈದು ಗಂಟೆ ಮೊಸರು, ಇದು ಅವರ ಲೆಕ್ಕ. ಬೇಸಗೆಯಲ್ಲಿ ಕಲಸಿದ ಪಾತ್ರೆಯನ್ನು ತಾರಸಿಗೆ ಒಯ್ಯದೆ ಫ್ರಿಜ್ಜಿನಲ್ಲೇ ಇಡಬೇಕೆಂಬುದನ್ನು ಮಾತ್ರ ಅವರ ಅಜ್ಜಿ ಹೇಳಿಕೊಟ್ಟದ್ದಲ್ಲ.

ಅವರ ಸಲಹೆಯನ್ನೂ ಸೋಮೇಶ್ವರನ ಪದಾರ್ಥಗಳನ್ನೂ ಸೇರಿಸಿ ಒಂದು ಕ್ರಮವನ್ನು ನಾನೇ ಕಟ್ಟಿಕೊಂಡಿದ್ದೇನೆ; ರಾಜನ ಗ್ರಂಥದಲ್ಲಿ ಇದನ್ನು ಯಾರೂ ಹುಡುಕಬಾರದು. ಒಂದು ಕಿಲೋ ಕೋಳಿಗೆ ಒಂದು ಬಟ್ಟಲು ಗಟ್ಟಿ ಮೊಸರು, ಎರಡು ಚಿಕ್ಕ ಚಮಚ ಸೈಂಧವ ಲವಣ, ಹೆಬ್ಬೆರಳುದ್ದ ಹಸಿಶುಂಠಿ, ಹುರಿದು ಕುಟ್ಟಿದ ಜೀರಿಗೆ ಮತ್ತು ಕೊತ್ತಂಬರಿ, ಅರೆದ ಸಾಸಿವೆ ಒಂದು ಚಮಚ, ಚಿಟಿಕೆ ಅರಿಶಿನ, ದಪ್ಪಗೆ ಕುಟ್ಟಿದ ಒಳ್ಳೆಮೆಣಸು ಒಂದೂವರೆ ದೊಡ್ಡ ಚಮಚ. ತೊಡೆಗೆ ಆಳವಾಗಿ ಗೀರಿ, ಇವನ್ನು ತಿಕ್ಕಿ, ಐದು ಗಂಟೆ ಬಿಡುವುದು. ಕೆಂಡದ ಮೇಲೆ ಬೂದಿ ಕವಿದ ಮೇಲೆ ಜಾಲರಿಗೆ ಇಡುವುದು. ಉರಿ ಏಳುತ್ತಿರುವಾಗ ಇಟ್ಟರೆ ಹೊರಗೆ ಕರಿಯಾಗಿ ಒಳಗೆ ಹಸಿ ಉಳಿಯುತ್ತದೆ. ತಿರುವಿ ಹಾಕುವಾಗೆಲ್ಲ ಇಂಗಿನ ನೀರನ್ನು ಚಿಮುಕಿಸುವುದು. ಇಂಗಿನ ವಾಸನೆಗೆ ಮೊದಲು ಮೂಗು ಮುರಿದ ಹುಡುಗರೇ ಎರಡನೆಯ ಸರದಿಗೆ ತಟ್ಟೆ ಚಾಚಿದ್ದನ್ನು ಕಂಡಿದ್ದೇನೆ. ಮೆಣಸಿನಕಾಯಿಯ ಖಾರ ನಾಲಗೆಯ ತುದಿಯಲ್ಲೇ ಚುರ್ರೆನ್ನುತ್ತದೆ. ಇದರದು ತಡವಾಗಿ, ಗಂಟಲಿನಲ್ಲಿ, ಶುಂಠಿಯ ಜೊತೆಗೂಡಿ ಬರುತ್ತದೆ. ಬಣ್ಣ ಬೂದುಗಂದು, ಅಲ್ಲಲ್ಲಿ ಮೆಣಸಿನ ಕಪ್ಪು ಚುಕ್ಕೆ.